ಮಂಗಣ್ಣನ ಬಾಕಿ

ಶಾಲೆಗೆ ಸೇರಿಸುವಾಗ ಹೆಡ್ ಮಾಸ್ತರು
ಅಪ್ಪನನ್ನು ಕೇಳಿದ್ದು ಒಂದೇ ಸಲ: ಮನೆತನದ ಹೆಸರು?
ಮ್ಯಾಂಗನ್, ಅಂದ ಅಪ್ಪ.
ಮಾಸ್ತರು ಕನ್ನಡಕ ಏರಿಸಿಕೊಂಡು
ದುಂಡಗೆ ಬರೆದರು: ಮಂಗಣ್ಣ.
ಅಲ್ಲಿಂದ ಏಳು ವರ್ಷ
ಹಿಂದಿನ ಬೆಂಚಿನವರು ನನ್ನ ಕಂಡರೆ ಕಂಕುಳು ಕೆರೆದುಕೊಂಡರು.

ಅರಸೀಕೆರೆಯಲ್ಲಿ ಸ್ಟೇಷನ್ನಿನ ಎದುರು
ಮಂಗಣ್ಣನ ಹೋಟ್ಲು.
ಕೆಳಗೆ ಬಾರು, ಮೇಲೆ ಆರು ರೂಮು,
ಹುಬ್ಬಳ್ಳಿ ಗಾಡಿ ತಪ್ಪಿದವರಿಗೆ ಹಾಸಿಗೆ,
ಮೈಸೂರು ಗಾಡಿ ಇಳಿದವರಿಗೆ ಬಿಸಿ ಸೂಪು.
ಐರ್ಲೆಂಡಿನಿಂದ ಬಂದ ಗಾರ್ಡು ಹಸಿರು ಬಾವುಟ ಕೆಳಗಿಟ್ಟು
ಗ್ಲಾಸು ಹಿಡಿದನಂತೆ.
ಇಷ್ಟು ಬಿಟ್ಟರೆ ಅಪ್ಪನಿಗೂ ಗೊತ್ತಿರಲಿಲ್ಲ.
"ನಮ್ಮಜ್ಜ ಬಿಳಿಯ" ಅನ್ನುವಾಗ ಅವನ ದನಿ
ಒಂದು ಮೆಟ್ಟಿಲು ಏರುತ್ತಿತ್ತು.
ಅಜ್ಜಿಯ ಮಾತು ಬಂದರೆ
ಕೆಮ್ಮು.

ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ
ಬೇರೆಯವರ ವಿಳಾಸ ಹುಡುಕಿ ಕೊಟ್ಟವಳು
ನಿವೃತ್ತಿಯಾದ ಮೇಲೆ ನನ್ನದು ಹುಡುಕಲು ಕೂತೆ.
ಕ್ಲೇರ್ ಎಂಬ ಸೀಮೆಯ ಪಾದ್ರಿಗೆ ಪತ್ರ.
ಉತ್ತರ ಬಂತು:
ಪ್ಯಾಟ್ರಿಕ್ ಮ್ಯಾಂಗನ್‌ಗಳು ನಮ್ಮ ದಫ್ತರಿನಲ್ಲಿ ಹದಿನೇಳು,
ಕಡಲು ದಾಟಿದವರು ಹನ್ನೊಂದು,
ನಿಮ್ಮವನು ಯಾರು? ಹುಟ್ಟಿದ ದಿನ? ತಾಯಿಯ ಹೆಸರು?
ನನಗೆ ಗೊತ್ತಿದ್ದದ್ದು
ಅವನ ಹೋಟ್ಲಿಗೆ ಮೆಟ್ಟಿಲೆಷ್ಟು ಎಂಬುದು ಮಾತ್ರ.
ಮೂರು. ಮೂರನೆಯದು ಒಡೆದಿದೆ.

ಈಗಲ್ಲಿ ಸಿಮೆಂಟು, ಪೈಪು, ಮೇಲೆ ಟ್ಯೂಷನ್ನು.
ಬಾರಿನ ಕೌಂಟರ್ ಮಾತ್ರ ಹೋಗಿಲ್ಲ,
ಒಂಬತ್ತಡಿ ತೇಗ, ಬಾಗಿಲಲ್ಲಿ ಹಿಡಿಸದೆ ಉಳಿದದ್ದು.
ಅದರ ಮೇಲೆ ಕಂಬಳಿ ಹಾಸಿ ಬಾಬಾಜಾನ್ ಇಸ್ತ್ರಿ ಮಾಡುತ್ತಾನೆ.
ಯಾರೋ ಗಾರ್ಡಿನ ಬಿಳಿ ಪ್ಯಾಂಟು ಪಕ್ಕಕ್ಕೆ ಸರಿಸಿ
"ನೋಡ್ರಮ್ಮಾ" ಎಂದು ಕಂಬಳಿ ಎತ್ತಿದ.
ಉಂಗುರ, ಉಂಗುರ, ಒಂದರೊಳಗೊಂದು ತೂರಿ,
ಗ್ಲಾಸಿನ ತಳಗಳು ಬಿಟ್ಟುಹೋದವು.
ನಡುವೆ ಇಸ್ತ್ರಿಪೆಟ್ಟಿಗೆ ಸುಟ್ಟ ತ್ರಿಕೋನ.
"ಮಳೆಗಾಲ್ದಾಗೆ ವಾಸ್ನೆ ಏಳ್ತದೆ.
ನಮ್ಮನೆಯವ್ರಿಗೆ ಗಂಜಿ ವಾಸ್ನೆ ಅಂತ ಹೇಳಿವ್ನಿ."

ಡ್ರಾಯರಿನಲ್ಲಿ, ಶಾಯಿಬಾಟಲಿಯ ಹಿಂದೆ, ಉದ್ದರಿ ಪುಸ್ತಕ.
ಕೊನೆಯ ಹಾಳೆಗಳಲ್ಲಿ ಬಾಬಾಜಾನನ ತಂದೆಯ ಲೆಕ್ಕ:
ಕೋಟು ಒಂದು, ಸೀರೆ ನಾಲ್ಕು.
ಮೊದಲ ಹಾಳೆಗಳು ಇಂಗ್ಲಿಷು,
ಗಾಳಿಗೆ ಬಾಗಿದ ರಾಗಿ ತೆನೆಯ ಹಾಗೆ ಬಲಕ್ಕೆ ವಾಲಿದವು:
ಡ್ರೈವರ್ ಗೋಮ್ಸ್, ಎರಡು ಪೆಗ್.
ಟಿ.ಟಿ. ಶೇಷಾದ್ರಿ, ಸೋಡಾ.
(ಬೆಲೆ ಸೋಡಾದ್ದಲ್ಲ.)

ಆಮೇಲೆ ಒಂದು ಪುಟದಿಂದ ಕೈ ಬೇರೆ.
ಶ್ರೀ ಬರೆಯುವ ಕಡೆ ಸಣ್ಣ ಶಿಲುಬೆ.
ಕನ್ನಡ ಅಂಕಿ. ಎಷ್ಟು ಒತ್ತಿ ಬರೆದದ್ದೆಂದರೆ
ಹಾಳೆಯ ಬೆನ್ನು ಸವರಿದರೂ ಲೆಕ್ಕ ತಿಳಿಯುತ್ತದೆ.
ತಿಂಗಳ ಕೊನೆಗೆ ರುಜು: ಆರೋಗ್ಯಮ್ಮ.
ಶೇಷಾದ್ರಿಗೆ ಇವಳು ಬ್ರಾಂದಿ ಎಂದೇ ಬರೆದಿದ್ದಾಳೆ.
ಮತ್ತೆ ದಿನ ಬಿಟ್ಟು ದಿನ
ಮಂಗಣ್ಣ, ಮೂರು ಪೆಗ್. ಬಾಕಿ.
ಮಂಗಣ್ಣ, ಐದು. ಬಾಕಿ.
ಮಂಗಣ್ಣ, ಗ್ಲಾಸು ಒಡೆದದ್ದು, ಆರಾಣೆ. ಬಾಕಿ.

ಗಂಡನ ಅಂಗಡಿಯಲ್ಲಿ ಗಂಡನಿಗೇ ಉದ್ದರಿ!
ಹೆಡ್ ಮಾಸ್ತರು ತಪ್ಪು ಬರೆದರೆಂದು
ಐವತ್ತು ವರ್ಷ ನಂಬಿಕೊಂಡಿದ್ದೆ.
ಪಾಪ, ಅವರಿಗಿಂತ ಮೊದಲೇ ಒಬ್ಬಳು
ಅವನನ್ನು ಅಣ್ಣನಾಗಿಸಿ ಸಾಲಕ್ಕೆ ಹಿಡಿದಿದ್ದಳು.

ಒಂದೇ ಒಂದು ಸಾಲಿನಲ್ಲಿ ಬಾಕಿಯಿಲ್ಲ.
ಮಂಗಣ್ಣ, ಜ್ವರ. ಬ್ರಾಂದಿ ಎರಡು ಚಮಚ. ಧರ್ಮ.

ಅದಾದ ಮೇಲೆ ಗೋಮ್ಸ್ ಇದ್ದಾನೆ, ಶೇಷಾದ್ರಿ ಇದ್ದಾನೆ,
ಐಸು ತಂದವನ ಕೂಲಿ, ಸೀಮೆಎಣ್ಣೆ.
ಮಂಗಣ್ಣ ಇಲ್ಲ.
ಅವನ ಬಾಕಿಯನ್ನು ಮಾತ್ರ
ಪ್ರತಿ ತಿಂಗಳೂ ಮುಂದಿನ ಪುಟಕ್ಕೆ ಎಳೆದಿದ್ದಾಳೆ,
ಹನ್ನೊಂದು ವರ್ಷ,
ಒಮ್ಮೆಯೂ ಹೊಡೆದುಹಾಕದೆ.

ಬಾಬಾಜಾನ್ ಕಂಬಳಿ ಹಿಡಿದು ಕಾಯುತ್ತಿದ್ದ.
ಸಿಮೆಂಟಿನ ಮೂಟೆಯ ಮೇಲೆ ಕೂತು
ಪಾದ್ರಿಗೆ ಮರುಪತ್ರ ಬರೆದೆ:
ಸ್ವಾಮಿ, ಹದಿನೇಳರಲ್ಲಿ ಅವನು ಯಾವನೋ
ಇಲ್ಲಿ ತಿಳಿಯುವಂತಿಲ್ಲ. ಅವನ ಜನ ಯಾರಾದರೂ
ವಿಚಾರಿಸಿಕೊಂಡು ಬಂದರೆ ದಯಮಾಡಿ ತಿಳಿಸಿ,
ಆರೋಗ್ಯಮ್ಮನ ಮನೆಗೆ
ಇನ್ನೂರ ಹನ್ನೊಂದು ರೂಪಾಯಿ ನಾಲ್ಕಾಣೆ
ಬರಬೇಕು.