ಬೇವಿನ ಬುಡದ ವಾಲ್ವ್

ರಾತ್ರಿ ಎರಡೂವರೆಗೆ ಗಾಜೀಪುರದ ತಿರುವಿನಲ್ಲಿ
ಫರಸಿ ಸರಿಸಿ ಗುಂಡಿಗೆ ಬ್ಯಾಟರಿ ಬಿಟ್ಟರೆ
ಮೊದಲು ಒಂದು ಕಪ್ಪೆ, ಆಮೇಲೆ ಗುಟ್ಕಾ ಚೀಟಿ,
ಅದರಡಿ ಕೆಸರಲ್ಲಿ ಕೂತ ಚೌಕ ತಲೆಯ ಕಬ್ಬಿಣ.
ಲಾಡ್ಲೆಮಶಾಕ ಚಾವಿ ಇಳಿಸುತ್ತಿದ್ದ,
ಎದೆಯೆತ್ತರದ ಚಾವಿ, ಮೇಲೆ ಅಡ್ಡ ಹಿಡಿಕೆ.
ಹಿಡಿಕೆ ಎಲ್ಲಿ ನುಣುಪೋ ಅಲ್ಲೇ ಅವನ ಅಂಗೈ ಜಡ್ಡು.

‘ಎಣಿಸು’ ಅಂತಿದ್ದ. ಎಣಿಸುತ್ತಿದ್ದೆ.
ಬ್ರಹ್ಮಪುರದ್ದು ಹದಿನಾಲ್ಕು ಸುತ್ತು,
ಮಿಲ್ಲಿನ ಹಿಂದಿನದು ಇಪ್ಪತ್ತೆರಡು, ಕೊನೆಯ ಅರ್ಧ ಬಿಗಿ.
‘ಅವಸರ ಮಾಡಬ್ಯಾಡ ಬೇಟಾ.
ಓಡೋ ನೀರಿಗಿ ಒಮ್ಮೆಲೆ ಬಾಗಲಾ ಹಾಕಿದ್ರ
ಹಣಿ ಬಡಕೊಂಡು ಹಿಂದಕ್ಕ ತಿರುಗತದ,
ಎಲ್ಲಿ ಜೋಡಣಿ ಕಚ್ಚಾ ಅದನೋ ಅಲ್ಲಿ ಒಡೀತದ.’
ಒಮ್ಮೆ ಒಡೆದಿತ್ತಂತೆ, ಸ್ಟೇಷನ್ ಬಜಾರಿನಲ್ಲಿ:
ತಂದೂರಿ ಭಟ್ಟಿಯೊಳಗೆ ಕಾರಂಜಿ.

ಹಿತ್ತಾಳೆಯ ಎರಡು ಉಂಗುರಗಳ ನಡುವೆ
ಬೆಣೆಯಂಥ ಕದವೊಂದು ಏರುತ್ತದೆ, ಇಳಿಯುತ್ತದೆ.
ಅಷ್ಟೇ ಅದರ ವಿದ್ಯೆ.
ಅರ್ಧಕ್ಕೆ ನಿಲ್ಲಿಸಿದರೆ ಸಂದಿಯಲ್ಲಿ ನೀರು ನುಗ್ಗಿ
ಚಳಿಗೆ ಹಲ್ಲು ಕಡಿದಂತೆ ಕಟಕಟ,
ಅಂಚು ಸವೆದು ಆಮೇಲೆ ಮುಚ್ಚಿದರೂ ಸೋರುತ್ತದೆ.
ಮೆಂಬರು ಫೋನ್ ಮಾಡಿ
ನಮ್ಮ ಓಣಿಗೆ ಸ್ವಲ್ಪ ಹೆಚ್ಚು, ಆಚೆ ಓಣಿಗೆ ಸ್ವಲ್ಪ ಕಮ್ಮಿ ಅಂದಾಗ
ಅವನದು ಒಂದೇ ಮಾತು:
‘ಸಾಹೇಬ್ರ, ಇದು ಸ್ವಲ್ಪಕ್ಕ ಮಾಡಿದ್ದಲ್ಲ.’

ಇನ್ನೊಂದಿತ್ತು, ಬೇವಿನ ಬುಡದಲ್ಲಿ,
ನಿಜಾಮರ ಕಾಲದ್ದು ಅಂತಾರೆ.
ಮೈಮೇಲಿನ ಅಕ್ಷರವನ್ನೆಲ್ಲ ತುಕ್ಕು ಓದಿ ಮುಗಿಸಿದೆ.
ಆಫೀಸಿನ ನಕಾಶೆಯಲ್ಲಿ ಅಲ್ಲಿ ಬೇವೂ ಇಲ್ಲ.

ಅವನು ರಿಟೈರಾದ ಎಂಟನೆಯ ರಾತ್ರಿ
ನಾನೊಬ್ಬನೇ ಅದಕ್ಕೆ ಚಾವಿ ತೊಡಿಸಿದೆ.
ಎಲ್ಲವೂ ತೆರೆಯುವುದು ಎಡಕ್ಕೆ. ಎಡಕ್ಕೆ ತಿರುವಿದೆ.
ಅಲುಗಲಿಲ್ಲ. ತುಕ್ಕು ಅಂದುಕೊಂಡು
ಹಿಡಿಕೆಗೆ ಪೈಪು ಸಿಕ್ಕಿಸಿ ತೂಗಿಬಿದ್ದೆ.
ಕಾಲು ಸುತ್ತು ಬಂತು, ನರಳುತ್ತ.
ತೆರೆಯಿತು ಅಂದುಕೊಂಡು ಬೀಡಿ ಹಚ್ಚಿದೆ.
ಮುಚ್ಚಿದ್ದನ್ನೇ ಇನ್ನಷ್ಟು ಮುಚ್ಚಿದ್ದೆ.

ಬೆಳಗ್ಗೆ ಇಡೀ ಓಣಿ ಒಣಗಿತ್ತು.
ಚಂದಮ್ಮ ಕೊಡ ಬಡಿದು ನನ್ನ ಹೆಸರನ್ನು
ಮೂರು ಗಲ್ಲಿಗೆ ಕೇಳುವಂತೆ ತೊಳೆದಳು.

ರೋಜಾ ಕಡೆ ಅವನ ಮನೆ. ಮೊಮ್ಮಗಳ ಸೈಕಲ್ಲಿಗೆ
ಗಾಳಿ ಹಾಕುತ್ತಿದ್ದ. ಪಂಪು ಬಿಡದೆಯೇ
‘ಎಲ್ಲಾ ಎಡಕ್ಕೇ ಅದಾವಲ್ಲ’ ಅಂದ.
ತಡೆದು, ಪಂಪು ಕೆಳಗಿಟ್ಟ.
ಕಣ್ಣು ಮುಚ್ಚಿ, ಎದೆಯೆತ್ತರಕ್ಕೆ ಕೈ ತಂದು
ಗಾಳಿಯಲ್ಲಿ ಇಲ್ಲದ ಚಾವಿ ಹಿಡಿದ.
‘ಯಾವ ಗಿಡ ಅಂದಿ?’
ಬೇವಿನ ಗಿಡ.
ಕೈ ಎರಡೂ ಬಲಕ್ಕೆ ಹೊರಳಿದವು.
ಕಣ್ಣು ತೆರೆದು ಅವನೇ ತನ್ನ ಕೈ ನೋಡಿಕೊಂಡ,
ಯಾರೋ ಎರವಲು ಕೊಟ್ಟು ಮರೆತ ಕೈಯೆಂಬಂತೆ.

ಆ ರಾತ್ರಿ ಬಲಕ್ಕೆ. ಮೊದಲ ಕಾಲು ಸುತ್ತು
ನನ್ನದೇ ತಪ್ಪಿನ ಬಿಗಿ. ಆಮೇಲೆ ಸಡಿಲ.
ಹಿಡಿಕೆಗೆ ಕಿವಿ ಹಚ್ಚಿ ಕುಕ್ಕರಗಾಲಲ್ಲಿ ಕೂತೆ.
ಮೂರು, ನಾಲ್ಕು. ಕಬ್ಬಿಣದೊಳಗೆ ಯಾರೋ
ಜೋಳ ಕೇರುವ ಸದ್ದು. ಏಳು. ಹದಿನಾರು.

ನಳದಲ್ಲಿ ಮೊದಲು ಬರುವುದು ಗಾಳಿ:
ಮನೆಮನೆಯಲ್ಲಿ ಸುಸ್ಸೆಂದು, ಕೆಮ್ಮಿ, ಉಗುಳಿ.
ಒಂದು ದೀಪ ಹತ್ತಿತು. ಕೊಡ ನೆಲಕ್ಕೆ ತಾಗಿತು.
‘ಇವತ್ತರ ತೆರಿಲಾಕ ಬಂತೇನೋ ನಿನಗ?’
ಬಂತವ್ವ, ಅಂದು ಫರಸಿ ಎಳೆದೆ;
ಕಪ್ಪೆ ಒಳಗೋ ಹೊರಗೋ ನೋಡಲಿಲ್ಲ.