ಕೋಟು ತಿರುವುವವಳು

ಹಳೆಯ ಕೋಟಿನ ಹೊಲಿಗೆ ಬಿಚ್ಚಿ
ಒಳಗನ್ನು ಹೊರಗೆ ಮಾಡಿ ಮತ್ತೆ ಹೊಲಿಯುವುದು
ಅಮ್ಮ ಕಲಿಸಿದ ಕಸುಬು.
ಯಾರ್ಕ್‌ಶೈರಿನ ಈ ಗಣಿ ಊರಲ್ಲಿ, ಅವಳ ಕಾಲಕ್ಕೆ,
ಎರಡು ಷಿಲಿಂಗಿಗೆ ಒಂದು ಕೋಟು ಹೊಸದಾಗುತ್ತಿತ್ತು.
ಬಿಸಿಲು ಕಾಣದ ಬಣ್ಣ
ಒಳಗೆ ಹಾಗೇ ಇರುತ್ತದೆ, ವರ್ಷಗಟ್ಟಲೆ.

ಅದೇ ಕೆಲಸ ಬೈಗುಳವೂ ಹೌದೆಂದು ತಿಳಿದದ್ದು
ಮುಷ್ಕರದ ಹನ್ನೊಂದನೇ ತಿಂಗಳು.
ಕಿಟಕಿಗೆ ಜಾಲರಿ ಬಡಿದ ಬಸ್ಸು ಹತ್ತಿ
ನನ್ನ ತಮ್ಮ ನೆವಿಲ್ ಕೆಲಸಕ್ಕೆ ಹೋದ ಬೆಳಗ್ಗೆ
ಟರ್ನ್‌ಕೋಟ್ ಎಂದರು ಹಿರಿಯರು. ಅದಿನ್ನೂ ಮರ್ಯಾದೆಯ ಮಾತು.
ಬ್ಲ್ಯಾಕ್‌ಲೆಗ್ ಎಂದರು, ಇಲಿ ಎಂದರು,
ಜೂದಾಸ್ ಎಂದಳು ಚರ್ಚಿಗೆ ಹೂವಿಡುವ ಮಿಸೆಸ್ ಅಕ್ರಾಯ್ಡ್.
ಮಧ್ಯಾಹ್ನದೊಳಗೆ ಅವನ ಗೋಡೆಯ ಮೇಲೆ, ಬಿಳಿ ಬಣ್ಣ ಇಳಿದು ಇಳಿದು,
ಸ್ಕ್ಯಾಬ್.
ಹಕ್ಕಳೆ. ಗಾಯದ ಮೇಲೆ ಕಟ್ಟುವ ಹಕ್ಕಳೆ.
ಅದರ ಕೆಳಗೇ ಅಲ್ಲವೇ ಹೊಸ ಚರ್ಮ ಬರುವುದು
ಎಂದು ನಾನು ಯಾರನ್ನೂ ಕೇಳಲಿಲ್ಲ.

ಎರಡು ಮುಖದವನು, ಎಂದ ಲೆಸ್ಲಿ.
ಹದಿನೆಂಟು ವರ್ಷ ಅವನ ಪಕ್ಕದಲ್ಲೇ ಅಗೆದವನು.
ಅಲ್ಲಿ ಕಲ್ಲಿದ್ದಲ ಗೋಡೆಗೂ ಮುಖವೆಂದೇ ಹೆಸರು;
ಪಾಳಿ ಮುಗಿದಾಗ ಎಲ್ಲರದೂ ಅದೇ ಒಂದು ಮುಖ.
ಬಿಸಿಲಿದ್ದಾಗಿನ ಗೆಳೆಯ, ಎಂದೂ ಅಂದ.
ಎರಡು ಸಾವಿರ ಅಡಿ ಕೆಳಗೆ
ಬಿಸಿಲೆಲ್ಲಿಯದು, ಲೆಸ್ಲಿ?

ನೆವಿಲ್‌ನ ಹೆಂಡತಿಗೆ ಆಗ ಏಳು ತಿಂಗಳು.
ಮೆಟ್ಟಿಲ ಕಟಕಟೆಯನ್ನೂ ಒಲೆಗೆ ಹಾಕಿ ಮುಗಿದಿತ್ತು.

ಆ ಸಂಜೆ ಅವನು ನನ್ನ ಬಾಗಿಲು ತಟ್ಟಿದ,
ಎರಡು ಸಲ, ಬೆರಳ ಗೆಣ್ಣಿನಿಂದ,
ಚಿಕ್ಕವನಿದ್ದಾಗ ತಟ್ಟುತ್ತಿದ್ದ ಹಾಗೆ.
ಒಳಗೆ ಯೂನಿಯನ್ನಿನ ಹೆಂಗಸರು, ಸೂಪಿನ ದೊಡ್ಡ ಪಾತ್ರೆ,
ಸಿಪ್ಪೆ ಸುಲಿಯದ ಆಲೂಗಡ್ಡೆ.
ಯಾರದು, ಗ್ವೆಂಡಾ?
ಗಾಳಿ, ಎಂದೆ.
ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ ಅನ್ನುತ್ತಾರಲ್ಲ,
ನನ್ನದು ಕೈಯಲ್ಲೇ ಇತ್ತು, ಹೊಲಿಗೆಯವಳದು,
ಹರಿತ.

ಅವನಿಗೆ ಊರು ಅಷ್ಟೊಂದು ಹೆಸರಿಟ್ಟಿತು.
ನನಗೆ?
ಪಾಪ ಗ್ವೆಂಡಾ, ಎಂದರು. ಗಟ್ಟಿಗಿತ್ತಿ, ಎಂದರು.
ಸತ್ತಾಗಲೂ ಅವನ ಪೆಟ್ಟಿಗೆಗೆ ಹೆಗಲು ಕೊಡಲು
ನಾಟಿಂಗ್‌ಹ್ಯಾಮಿನಿಂದ ಜನ ಬರಬೇಕಾಯಿತು.
ನಾನು ಹಿಂದಿನ ಸಾಲಲ್ಲಿದ್ದೆ.

ಅವನ ಕೋಟು ನನ್ನಲ್ಲೇ ಉಳಿದಿದೆ.
ಮುಷ್ಕರಕ್ಕೆ ಮೊದಲು ತಿರುವಲು ಕೊಟ್ಟದ್ದು;
ಒಂದು ತೋಳು ಬಿಚ್ಚಿದೆ, ಒಂದು ಹಾಗೇ.
ಮೊನ್ನೆ ನುಸಿ ಜಾಡಿಸುವಾಗ ಬೆರಳಿಗೆ ಚುಚ್ಚಿತು
ಕಾಲರಿನ ಒಳಮಗ್ಗುಲಲ್ಲಿ ಯೂನಿಯನ್ ಬ್ಯಾಡ್ಜು.
ತಿರುವಿದರೆ ಹೊರಗೆ ಬರುತ್ತದೆ.
ಇನ್ನೂ ತಿರುವಿಲ್ಲ.