ಸದ್ದು ಕೇಳಿದರೆ ಗುಂಡಿ ಒತ್ತಿ

ಹಾಸನ, ಬಿ.ಎಂ. ರಸ್ತೆ. ಔಷಧದಂಗಡಿಯ ಮೇಲೆ
ನನ್ನದೊಂದು ಸದ್ದಿಲ್ಲದ ಗೂಡು.
ನಾಲ್ಕಡಿಗೆ ಐದಡಿ, ಗೋಡೆಗೆಲ್ಲ ಸ್ಪಂಜು,
ಒಂದು ಕುರ್ಚಿ, ಗಾಜಿನ ಕಿಂಡಿ.
ಒಳಗೆ ಬಂದವರೆಲ್ಲ ಮೊದಲು ಸುಮ್ಮನೆ ಕೆಮ್ಮುತ್ತಾರೆ.
ಇವರು ಕೆಮ್ಮಲಿಲ್ಲ. ಕೂತರು,
ಇಲ್ಲದ ಬೆಲ್ಟಿಗಾಗಿ ಎರಡೂ ಹೆಗಲ ಮೇಲೆ
ಒಮ್ಮೆ ಕೈಯಾಡಿಸಿ
'ಮುಚ್ಚಮ್ಮ ಬಾಗಿಲು' ಅಂದರು.

ಚೀಟಿಯಲ್ಲಿ ಬರೆದುಕೊಂಡೆ: ಹಿರಿಯಣ್ಣಯ್ಯ, ಎಂಬತ್ತೊಂದು,
ಪೆನ್ಷನ್ ಮೊಹಲ್ಲಾ. ಕೆಲಸ?
'ಹಾರಾಟ. ಎಪ್ಪತ್ತೊಂದರ ಯುದ್ಧ.
ನ್ಯಾಟ್ ಅಂತ, ಇಷ್ಟೇ ಇಷ್ಟು ವಿಮಾನ,
ಪಕ್ಕ ನಿಂತರೆ ರೆಕ್ಕೆ ನನ್ನ ಎದೆಮಟ್ಟ.
ಬೂವನಹಳ್ಳಿಗೆ ವಿಮಾನ ಬರ್ತದೆ ಬರ್ತದೆ ಅಂತಾರಲ್ಲ,
ಇಳಿಯೋ ಸದ್ದಾದರೂ ಕೇಳಲಿ ಅಂತ ಬಂದೆ.'

ಸದ್ದು ಕೇಳಿದರೆ ಗುಂಡಿ ಒತ್ತಿ, ಎಂದೆ.
ಅದನ್ನು ಅಂಗೈಯಲ್ಲಿ ತೂಗಿ,
ಹೆಬ್ಬೆರಳು ಹೊಂದಿಸಿ,
'ಅಲ್ಲೂ ಹೀಗೇ ಒಂದಿತ್ತು, ಕೋಲಿನ ತುದೀಲಿ.'

ಕೆಳಗಿನ ಸ್ವರಗಳೆಲ್ಲ ಕೇಳಿದವು,
ಗುಡುಗಿನವು, ಮಾರ್ಕೆಟ್ಟಿಗೆ ಹೊರಟ
ಆಲೂಗಡ್ಡೆ ಲಾರಿಯ ಏದುಸಿರಿನವು.
ಮೂರು ಸಾವಿರದಲ್ಲಿ ನನ್ನ ಗೆರೆ ಬಾಗಿತು,
ನಾಲ್ಕು ಸಾವಿರದಲ್ಲಿ ಬಿತ್ತು, ಗುಂಡಿಗೆ.
ಎಂಜಿನ್ನಿನ ಪಕ್ಕ ಬಾಳಿದ ಕಿವಿಗಳೆಲ್ಲ ಬೀಳುವ ಗುಂಡಿ.
ಗುಬ್ಬಿ ಅಲ್ಲಿದೆ. ಕುಕ್ಕರಿನ ಸೀಟಿ ಅಲ್ಲಿದೆ.
ಸಕಾರ ಶಕಾರಗಳಿವೆ. ಹೆಂಡತಿ ಸರಸಮ್ಮ
ಎಷ್ಟೋ ವರ್ಷದಿಂದ ಇವರಿಗೆ ಬರೀ 'ಅರ ಅಮ್ಮ'.

ನಾನು ಏನೂ ಕಳಿಸದೆ ಬರೆಯುತ್ತಿದ್ದಾಗ
ದೀಪ ಹೊತ್ತಿತು. ಮತ್ತೆ ಹೊತ್ತಿತು.
ಸಾರ್, ಈಗ ಸದ್ದಿರಲಿಲ್ಲ, ಎಂದೆ ಮೈಕಿನಲ್ಲಿ.
'ಇತ್ತು.'

'ಲಾಹಿರಿ ನನ್ನ ಎಡಕ್ಕಿದ್ದ.
ಕೆಳಗಿನ ಹೊಳೆ ಅವನ ಅಜ್ಜನ ಊರಿನದಂತೆ.
ರೇಡಿಯೋಲಿ ಏನೋ ಶುರು ಮಾಡಿದ,
ಎರಡಕ್ಷರ. ಆಮೇಲೆ ಬರೀ ಸುಯ್ಯ್...
ಆ ಚಾನೆಲ್ ಯಾರೂ ಆಫ್ ಮಾಡಿಲ್ಲ ಕಣಮ್ಮ.

ಆಮೇಲೆ ನಾನೊಬ್ಬನೇ ಇಳಿದೆ, ತೆಂಗಿನ ಮರದೆತ್ತರಕ್ಕೆ.
ಗೂಡ್ಸ್ ರೈಲು. ಪಕ್ಕದ ಗದ್ದೇಲಿ ಒಬ್ಬ,
ಲುಂಗಿ ಎತ್ತಿಕಟ್ಟಿದೋನು. ಎರಡು ಕೈಲೂ
ಮುಚ್ಚಿ ಹಿಡಿದಿದ್ದ, ತನ್ನ ಕಿವಿ ಅಲ್ಲ,
ಕರುವಿನ ಕಿವಿ.
ಆ ವೇಗದಲ್ಲಿ ಅಷ್ಟೆಲ್ಲ ಕಾಣೋದಿಲ್ಲ,
ನಂಗೂ ಗೊತ್ತು. ಮೆಸ್ಸಲ್ಲಿ ಹೇಳಿದರೆ ನಕ್ಕರು.
ಬೇಕಾದರೆ ಕರುವಿನ ಬಣ್ಣ ಕೇಳು.'
ನಾನು ಕೇಳಲಿಲ್ಲ.
'ಮಾಸಲು ಕೆಂದ.'

ಗಾಜಿನ ಆಚೆ ಅವರ ಬಾಯಿ ನಡೆಯುತ್ತಲೇ ಇತ್ತು,
ನನ್ನ ಹೆಡ್‌ಫೋನಿನಲ್ಲಿ ತೀರ ಹತ್ತಿರ:
'ಗುಂಡಿನ ಸದ್ದು ನಮಗಷ್ಟು ಕೇಳೋದಿಲ್ಲ,
ಹಿಂದೆ ಉಳಕೊಳ್ತದೆ. ಅದು ಕೆಳಗಿರೋರ ಪಾಲು.
ಪದಕದ ಕಾಗದದಲ್ಲಿ ಎಂಜಿನ್ ಒಂದು, ವ್ಯಾಗನ್ ಆರು ಅಂತಿದೆ.
ಏಳಿರಬಹುದು.'

ಎಡಗಿವಿಗೆ ಯಂತ್ರ ಕೂರಿಸಿದೆ.
ಆ ಸುಯ್ಯನ್ನು ಮರೆಸೋಕೆ ಇದರಲ್ಲೇ ಒಂದು ವ್ಯವಸ್ಥೆ ಇದೆ,
ನೀರು ಹರಿದ ಹಾಗೆ ಕೇಳುತ್ತೆ, ಹಾಕಲಾ?
'ದುಡ್ಡು ಬೇರೆಯಾ?'
ಇಲ್ಲ, ಅದರೊಳಗೇ.
ಯೋಚಿಸಿದರು. ಸಾಕಷ್ಟು ಹೊತ್ತು.
'ಹಗಲಿಗೆ ಹಾಕು' ಅಂದರು.
'ರಾತ್ರಿ ಹಂಗೇ ಇರಲಿ.'

ಮುಂದಿನವರ ಹೆಸರು ಕೂಗುವ ಮೊದಲು
ಕಿಟಕಿಗೆ ಹೋದೆ. ಕೆಳಗೆ ಅವರ ಹಳೇ ಟಿವಿಎಸ್.
ತಕ್ಷಣ ಹತ್ತಲಿಲ್ಲ. ಸುತ್ತ ಒಂದು ಸುತ್ತು ಬಂದರು,
ಟೈರು ಅಮುಕಿ, ಪೆಟ್ರೋಲ್ ಮುಚ್ಚಳ ತಿರುವಿ,
ಕನ್ನಡಿ ಒರೆಸಿ, ಹಿಂದಿನ ದೀಪಕ್ಕೆ ಬಗ್ಗಿ.
ಹೆಲ್ಮೆಟ್ಟಿನ ಪಟ್ಟಿ ಎಳೆದು ನೋಡಿ
ಹೆಬ್ಬೆರಳೆತ್ತಿದರು, ಎಡಕ್ಕೆ.

ಎಡಕ್ಕೆ ಬಾಳೆಹಣ್ಣಿನ ಗಾಡಿಯವನಿದ್ದ.
ಯಾಕೆಂದು ತಿಳಿಯದೆ
ಅವನೂ ಎತ್ತಿದ.